ಘಾಟಿ ಹತ್ತಿದ ಬೈಕ್ ಹವ್ಯಾಸ

ಭಾನುವಾರ ಬೆಳಗ್ಗೆ ಐದೂವರೆ ಗಂಟೆ. ಮಂಗಳೂರಿನ ಬಿಜೈಯಲ್ಲಿರುವ ಕೆಎಸ್ಸಾರ್ಟಿಸಿ ಬಸ್ ನಿಲ್ದಾಣಕ್ಕೆ ರಾತ್ರಿ ಬೆಂಗಳೂರು ಬಿಟ್ಟ ಬಸ್ಸುಗಳು ಒಂದೊಂದಾಗಿ ಬಂದು ಸೇರುವ ಹೊತ್ತು. ನಿದ್ದೆಗಣ್ಣಿನಲ್ಲಿ ಇಳಿಯುವ ಪ್ರಯಾಣಿಕರು, ಬಾಡಿಗೆ ಕೇಳುವ ರಿಕ್ಷಾದವರು, ಚಹಾದ ಹಬೆ. ಅದೇ ರಸ್ತೆಯಲ್ಲಿ ಕೆಪಿಟಿ ಕಡೆಗೆ ಮುಖ ಮಾಡಿ ಸಾಗುವ ಬೈಕುಗಳ ಸಣ್ಣ ಸಾಲೂ ಕಣ್ಣಿಗೆ ಬೀಳುವುದುಂಟು. ಇವರು ಕೆಲಸಕ್ಕೆ ಹೊರಟವರಲ್ಲ, ನೆಂಟರ ಮನೆಗೆ ಹೊರಟವರೂ ಅಲ್ಲ. ನಂತೂರು, ಬಿ.ಸಿ. ರೋಡು, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಧ್ಯಾಹ್ನದ ಊಟಕ್ಕೆ ಮನೆ ಸೇರಿದರೆ ಅವರ ಭಾನುವಾರ ಸಾರ್ಥಕ.

ಓಡಿಸುವ ಸುಖಕ್ಕಾಗಿಯೇ ಓಡಿಸುವ ಈ ಹವ್ಯಾಸ ಕರಾವಳಿಗೆ ಹೊಸದಲ್ಲ. ಆದರೆ ಅದರ ಖರ್ಚು ಮಾತ್ರ ಹೊಸದು. ಪಿಯುಸಿ ಮುಗಿಸಿದ ಮಗ ‘ಅಪ್ಪಾ, ಒಂದು ಬೈಕ್ ತೆಗೆಸಿಕೊಡಿ’ ಎಂದು ಕೇಳಿದಾಗ ತಂದೆಯ ಎದೆ ಧಸಕ್ಕೆನ್ನುವುದು ಅಪಘಾತದ ಭಯದಿಂದ ಮಾತ್ರವಲ್ಲ. ಶೋರೂಮಿನಿಂದ ತಂದ ಬೆಲೆಪಟ್ಟಿಯ ಕೊನೆಯ ಸಾಲನ್ನು ಓದಿಯೂ ಹೌದು. ಈ ಏರಿಕೆ ಎಲ್ಲಿಂದ ಬಂತು? ಅದರಲ್ಲಿ ನ್ಯಾಯವಾದದ್ದು ಎಷ್ಟು, ಬರೀ ಹೊರೆ ಎಷ್ಟು? ಇದನ್ನು ಬಿಡಿಸಿ ನೋಡದೆ ಅಪ್ಪ-ಮಕ್ಕಳ ವಾದ ಮುಗಿಯುವುದಿಲ್ಲ.

ಮೈಸೂರಿನ ಕುದುರೆ

ಕನ್ನಡನಾಡಿನಲ್ಲಿ ಬೈಕಿನ ಮಾತು ಬಂದರೆ ಮೈಸೂರನ್ನು ಬಿಟ್ಟು ಆರಂಭಿಸುವಂತಿಲ್ಲ. ಅಲ್ಲಿನ ಯಾದವಗಿರಿಯಲ್ಲಿ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಆರಂಭಿಸಿತು. ಝೆಕೊಸ್ಲೊವಾಕಿಯಾದ ಜಾವಾ ಬೈಕುಗಳು ಇಲ್ಲಿ ತಯಾರಾದವು. 1973ರಿಂದ ‘ಯೆಜ್ಡಿ’ ಎಂಬ ಹೆಸರು ಬಂತು. 1978ರಲ್ಲಿ ಯೆಜ್ಡಿ ರೋಡ್‌ಕಿಂಗ್ ರಸ್ತೆಗಿಳಿಯಿತು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್ ಇದ್ದ ಆ ವಿಚಿತ್ರ ವ್ಯವಸ್ಥೆಯನ್ನು ಅಂದಿನ ಸವಾರರು ಇಂದಿಗೂ ಮರೆತಿಲ್ಲ. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂದಾಗ ಕಾಲೇಜು ಹುಡುಗರ ಹೃದಯವೇ ಅತ್ತ ವಾಲಿತು. 98 ಸಿಸಿಯ ಪುಟ್ಟ ಎಂಜಿನ್ನಿಗೆ 11 ಅಶ್ವಶಕ್ತಿ! ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿದ್ದೂ, ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಒಂದೇ ವರ್ಷ, 1996ರಲ್ಲಿ.

ಆ ಬೈಕುಗಳ ದೊಡ್ಡ ಗುಣವೆಂದರೆ ಸರಳತೆ. ಅವೆಲ್ಲ ಟೂ-ಸ್ಟ್ರೋಕ್ ಎಂಜಿನ್ನುಗಳು. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿರುವ ವಾಲ್ವುಗಳಾಗಲಿ, ಅವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಆಗಲಿ ಇದರಲ್ಲಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತ ತೆರೆದು ಮುಚ್ಚುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜಿದರೆ, ಕಾರ್ಬ್ಯುರೇಟರಿನ ಜೆಟ್ಟನ್ನು ಊದಿ ಶುಚಿ ಮಾಡಿದರೆ ಅರ್ಧ ಕಾಯಿಲೆ ವಾಸಿ. ಹೈಸ್ಕೂಲಿನ ಭೌತಶಾಸ್ತ್ರ ಪುಸ್ತಕದಲ್ಲಿ ಚಿತ್ರವಾಗಿದ್ದ ಎಂಜಿನ್ನು ಅಂಗಳದಲ್ಲಿ ಕೈಗೆ ಸಿಗುತ್ತಿತ್ತು. ಸಾಧಾರಣ ಮನೆಯ ಹುಡುಗನೊಬ್ಬ ಅಣ್ಣನದೋ ಮಾವನದೋ ಹಳೆಯ ಗಾಡಿಯ ಮೇಲೆ ಸಂಕೋಚನ, ದಹನ, ಘರ್ಷಣೆ ಎಂಬ ಪಾಠಗಳನ್ನು ಗ್ರೀಸು ಮೆತ್ತಿಕೊಂಡು ಕಲಿಯುತ್ತಿದ್ದ. ಹವ್ಯಾಸದ ಖರ್ಚು ಕಡಿಮೆ ಇದ್ದುದಕ್ಕೆ ಬೈಕಿನ ಬೆಲೆ ಮಾತ್ರವಲ್ಲ, ಈ ಸ್ವಂತ ದುರಸ್ತಿಯೂ ಕಾರಣ.

ಹೊಗೆಯ ಲೆಕ್ಕ

ಆದರೆ ಆ ಅಗ್ಗದ ಸುಖದ ಬೆಲೆಯನ್ನು ಬೇರೆಯವರ ಶ್ವಾಸಕೋಶಗಳು ಕೊಡುತ್ತಿದ್ದವು ಎಂಬುದನ್ನೂ ಹೇಳಬೇಕು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಉರಿದ ಹೊಗೆಯನ್ನು ಹೊರತಳ್ಳುವ ಕೆಲಸವನ್ನು ಹೊಸದಾಗಿ ಒಳಬರುವ ಪೆಟ್ರೋಲು-ಗಾಳಿಯ ಮಿಶ್ರಣವೇ ಮಾಡುತ್ತದೆ. ಹೀಗೆ ತಳ್ಳುವಾಗ ಆ ಮಿಶ್ರಣದಲ್ಲಿ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಉರಿಯದೆ ನೇರವಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಜತೆಗೆ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಸುಟ್ಟು ನೀಲಿ ಹೊಗೆಯಾಗುತ್ತದೆ. ‘ಯೆಜ್ಡಿಯ ಪರಿಮಳ’ ಎಂದು ಅಭಿಮಾನಿಗಳು ಕೊಂಡಾಡುವುದು ವಾಸ್ತವದಲ್ಲಿ ಇದನ್ನೇ!

ಇದಕ್ಕೆ ಕಾನೂನಿನ ಕಡಿವಾಣ ಹಂತಹಂತವಾಗಿ ಬಿತ್ತು. ಭಾರತ್ ಸ್ಟೇಜ್ ಮಾನದಂಡಗಳು ಒಂದರ ಮೇಲೊಂದು ಬಂದವು. ಬಿಎಸ್-3 ವಾಹನಗಳ ಮಾರಾಟವನ್ನು ಸುಪ್ರೀಂ ಕೋರ್ಟು 2017ರ ಏಪ್ರಿಲ್ 1ರಿಂದ ನಿಲ್ಲಿಸಿತು. ಮೂರೇ ವರ್ಷಗಳಲ್ಲಿ, 2020ರ ಏಪ್ರಿಲ್ 1ರಿಂದ, ನಡುವಿನ ಐದನೇ ಮೆಟ್ಟಿಲನ್ನು ಹಾರಿ ಬಿಎಸ್-6 ಜಾರಿಗೆ ಬಂತು. ಇದನ್ನು ಪಾಲಿಸಲು ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರು, ಅದರ ಮಾತು ಕೇಳಿ ಎಷ್ಟು ಪೆಟ್ರೋಲು ಚಿಮ್ಮಿಸಬೇಕೆಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವ ಪುಟ್ಟ ಕಂಪ್ಯೂಟರು, ಸೈಲೆನ್ಸರಿನೊಳಗೆ ಕ್ಯಾಟಲಿಟಿಕ್ ಕನ್ವರ್ಟರು. ಈ ಕನ್ವರ್ಟರಿನಲ್ಲಿ ವೇಗವರ್ಧಕಗಳಾಗಿ ಬಳಸುವ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳು ಚಿನ್ನದ ಬಂಧುಗಳು. 2021ರ ಮಾರ್ಚಿನಲ್ಲಿ ರೋಡಿಯಂ ಒಂದು ಔನ್ಸಿಗೆ 29,000 ಡಾಲರಿನ ಆಸುಪಾಸು ಮುಟ್ಟಿತ್ತು. ಒಂದು ಬೈಕಿನಲ್ಲಿರುವುದು ಅದರ ಅಣುವಿನಷ್ಟು ಲೇಪನ ನಿಜ. ಆದರೆ ಬೆಲೆಯ ಏರಿಳಿತ ತಯಾರಕರನ್ನು ತಟ್ಟಲು ಅಷ್ಟು ಸಾಕು.

ಇನ್ನೊಂದು ಏರಿಕೆ ಬ್ರೇಕಿನದು. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಇದು ದುಬಾರಿ ಅಲಂಕಾರವೆಂದು ಹುಡುಗರು ಗೊಣಗುವುದುಂಟು. ಭೌತಶಾಸ್ತ್ರ ಬೇರೆಯೇ ಹೇಳುತ್ತದೆ. ಚಕ್ರ ಉರುಳುತ್ತಿರುವ ತನಕ ಟಯರಿನ ರಸ್ತೆಗೆ ತಾಗಿದ ಭಾಗ ಆ ಗಳಿಗೆಯ ಮಟ್ಟಿಗೆ ನಿಶ್ಚಲ. ಅಲ್ಲಿ ಕೆಲಸ ಮಾಡುವುದು ಸ್ಥಿರ ಘರ್ಷಣೆ. ಬ್ರೇಕು ಬಿಗಿಯಾಗಿ ಚಕ್ರ ಲಾಕ್ ಆದೊಡನೆ ಟಯರು ಜಾರತೊಡಗುತ್ತದೆ. ಜಾರುವಾಗಿನ ಘರ್ಷಣೆ ಕಡಿಮೆ, ಪಕ್ಕಕ್ಕೆ ಹಿಡಿತವಂತೂ ಇಲ್ಲವೇ ಇಲ್ಲ. ಎರಡೇ ಚಕ್ರದ ಮೇಲೆ ಸಮತೋಲನದಿಂದ ನಿಂತ ಗಾಡಿ ಆಗ ಬೀಳದೆ ಇನ್ನೇನು ಮಾಡೀತು? ಎಬಿಎಸ್ ಚಕ್ರ ಲಾಕ್ ಆಗುವುದನ್ನು ಸೆನ್ಸರಿನಿಂದ ಅರಿತು, ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಸಡಿಲಿಸಿ ಹಿಡಿಯುತ್ತದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬೈಕು ಒಣ ರಸ್ತೆಯಲ್ಲಿ (ಘರ್ಷಣಾಂಕ 0.7 ಎಂದುಕೊಂಡರೆ) ನಿಲ್ಲಲು ಸುಮಾರು 20 ಮೀಟರ್ ಬೇಕು. ಮಳೆಗೆ ನೆನೆದ ರಸ್ತೆಯಲ್ಲಿ (0.4 ಎಂದುಕೊಂಡರೆ) 35 ಮೀಟರ್. ಕಣ್ಣು ಕಂಡು ಕೈ ಬ್ರೇಕು ಹಿಡಿಯುವ ಒಂದು ಸೆಕೆಂಡಿನಲ್ಲಿ ಇನ್ನೂ 16-17 ಮೀಟರ್ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಕು ಪಟ್ಟು. ಹತ್ತನೇ ತರಗತಿಯ ವಿದ್ಯಾರ್ಥಿ ಈ ಲೆಕ್ಕವನ್ನು ತಾನೇ ಮಾಡಿ ನೋಡಬಹುದು. ವರ್ಷಕ್ಕೆ ನಾಲ್ಕು ತಿಂಗಳು ಜಡಿಮಳೆ ಸುರಿಯುವ ಊರಿನಲ್ಲಿ ಎಬಿಎಸ್‌ಗೆ ಕೊಟ್ಟ ಹಣ ದಂಡವಲ್ಲ.

350ರ ಗಡಿ

ಎಂಜಿನ್ನೂ ದೊಡ್ಡದಾಯಿತು, ಬೆಲೆಯೂ. ಕೆಟಿಎಂನ 390 ಡ್ಯೂಕ್ 2013ರಲ್ಲಿ ಭಾರತಕ್ಕೆ ಬಂದಾಗ ದಿಲ್ಲಿಯ ಶೋರೂಮು ಬೆಲೆ ಸುಮಾರು 1.80 ಲಕ್ಷ ರೂ. ಹತ್ತು ವರ್ಷಗಳ ಬಳಿಕ, 2023ರಲ್ಲಿ, ಅದರ ಮೂರನೇ ತಲೆಮಾರು ಬಂದದ್ದು ಸುಮಾರು 3.11 ಲಕ್ಷಕ್ಕೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಸುಮಾರು 1.55 ಲಕ್ಷಕ್ಕೆ ಸಿಗುತ್ತಿತ್ತು; 2023ರ ನವೆಂಬರಿನಲ್ಲಿ ಬಂದ 452 ಸಿಸಿಯ ಹೊಸ ಹಿಮಾಲಯನ್ ಆಗ 2.69 ಲಕ್ಷದಿಂದ ಶುರುವಾಗಿತ್ತು. ಹೊಸತರಲ್ಲಿ ಶಕ್ತಿ, ಬ್ರೇಕು, ಉಪಕರಣ ಎಲ್ಲವೂ ಮೇಲು ಎಂಬುದನ್ನು ಒಪ್ಪೋಣ. ಆದರೆ ‘ಘಾಟಿ ಹತ್ತಬಲ್ಲ ಬೈಕು’ ಎಂದು ಹುಡುಗನ ಮನಸ್ಸಿನಲ್ಲಿರುವ ವಸ್ತುವಿನ ಬೆಲೆ ಏರಿದ್ದಂತೂ ನಿಜ.

ಇದು ಶೋರೂಮು ಬೆಲೆ. ಇದರೊಳಗೆ ಜಿಎಸ್‌ಟಿ ಅಡಗಿದೆ, ಹೊರಗೆ ಇನ್ನೂ ಕೆಲವು ಕಾದು ನಿಂತಿವೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ರಾಯಲ್ ಎನ್‌ಫೀಲ್ಡ್ ತನ್ನ 350 ಸಿಸಿ ಬೈಕುಗಳ ಬೆಲೆಯನ್ನು 22 ಸಾವಿರ ರೂ. ತನಕ ಇಳಿಸುವುದಾಗಿ ಆಗ ಪ್ರಕಟಿಸಿತು. ಅದೇ ದಿನ 350 ಸಿಸಿ ಮೀರಿದವುಗಳ ತೆರಿಗೆ, ಸೆಸ್ ಸೇರಿ ಇದ್ದ ಶೇ. 31ರಿಂದ ಶೇ. 40ಕ್ಕೆ ಏರಿತು. ಇನ್ನು ರಾಜ್ಯದ ಆಜೀವ ತೆರಿಗೆ: ಒಂದು ಲಕ್ಷ ರೂ. ಮೀರಿದ ಬೈಕಿಗೆ ಕರ್ನಾಟಕದಲ್ಲಿ ಶೇ. 18, ಅದರ ಮೇಲೆ ಸೆಸ್. ಮೂರನೆಯದು ವಿಮೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 150ರಿಂದ 350 ಸಿಸಿಗೆ 7,365 ರೂ., ಅದಕ್ಕಿಂತ ದೊಡ್ಡದಕ್ಕೆ 15,117 ರೂ.

ತೆರಿಗೆಗೆ ಮುನ್ನ ಎರಡು ಲಕ್ಷ ರೂ. ಬೆಲೆಯ ಎರಡು ಬೈಕುಗಳನ್ನು ಕಲ್ಪಿಸಿಕೊಳ್ಳಿ. ಒಂದು 349 ಸಿಸಿ, ಇನ್ನೊಂದು 399. ಮೊದಲನೆಯದಕ್ಕೆ ಜಿಎಸ್‌ಟಿ 36,000, ಅದನ್ನೂ ಸೇರಿಸಿದ ಬೆಲೆಯ ಮೇಲೆ ಆಜೀವ ತೆರಿಗೆ 42,480, ವಿಮೆ 7,365. ಒಟ್ಟು 85,845 ರೂ. ಎರಡನೆಯದಕ್ಕೆ ಇದೇ ಕ್ರಮದಲ್ಲಿ 80,000, 50,400 ಮತ್ತು 15,117. ಒಟ್ಟು 1,45,517 ರೂ. ಆಜೀವ ತೆರಿಗೆಯ ಮೇಲಿನ ಸೆಸ್ಸನ್ನು ಇಲ್ಲಿ ಹಿಡಿದಿಲ್ಲ. ಐವತ್ತು ಸಿಸಿಯ ವ್ಯತ್ಯಾಸಕ್ಕೆ ಸುಮಾರು ಅರುವತ್ತು ಸಾವಿರ! ತೆರಿಗೆಯ ಮೇಲೆ ತೆರಿಗೆ ಬೀಳುವ ಈ ಪದ್ಧತಿಯಲ್ಲಿ ಗಾಳಿಯ ಶುದ್ಧತೆಯೂ ಇಲ್ಲ, ಬ್ರೇಕಿನ ಭದ್ರತೆಯೂ ಇಲ್ಲ.

ಜನ ದೂರುವುದು ಮಾತ್ರ ಪೆಟ್ರೋಲನ್ನು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿದಾಗ ಎದ್ದ ಗುಲ್ಲು ನೆನಪಿರಬಹುದು. 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿದಾಗ ಮತ್ತೆ ಮೂರು ರೂಪಾಯಿಯಷ್ಟು ಹೆಚ್ಚಿತು. ಆದರೂ ಲೆಕ್ಕ ಹಾಕಿ ನೋಡಿ. ಮಂಗಳೂರಿನಿಂದ ಕೊಟ್ಟಿಗೆಹಾರಕ್ಕೆ ಸುಮಾರು ನೂರು ಕಿಲೋಮೀಟರ್. ಹೋಗಿ ಬರಲು ಇನ್ನೂರು. ಲೀಟರಿಗೆ 30 ಕಿ.ಮೀ. ಓಡುವ ಬೈಕಿಗೆ ಆರೂಮುಕ್ಕಾಲು ಲೀಟರು ಬೇಕು. ನೂರು ರೂಪಾಯಿಯೆಂದೇ ಹಿಡಿದರೆ ಒಂದು ಭಾನುವಾರಕ್ಕೆ 670 ರೂ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟು ತಿಂಗಳಿಗೆ ಎರಡರಂತೆ ವರ್ಷಕ್ಕೆ ಹದಿನಾರು ಸವಾರಿ ಮಾಡಿದರೆ ಹನ್ನೊಂದು ಸಾವಿರದೊಳಗೆ ಮುಗಿಯುತ್ತದೆ. ಅಂದರೆ ಸಣ್ಣ ಬೈಕಿನ ತೆರಿಗೆ-ವಿಮೆಯ ಮೊತ್ತದಲ್ಲಿ ಎಂಟು ವರ್ಷಗಳ ಭಾನುವಾರಗಳಿಗೆ ಪೆಟ್ರೋಲು ಹಾಕಿಸಬಹುದು!

ಹಿಮದ ಮೇಲಿನ ಪಾಡು

ಹವ್ಯಾಸವೊಂದು ಖರ್ಚಿನ ಭಾರಕ್ಕೆ ಸಿಕ್ಕಿದರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಕೆನಡಾ, ಅಮೆರಿಕದ ಚಳಿ ಪ್ರದೇಶಗಳಲ್ಲಿ ಜನ ಬೈಕಿನಂತೆಯೇ ಏರಿ ಹೊರಡುವುದು ಸ್ನೋಮೊಬೈಲನ್ನು. ಮುಂದೆ ಚಕ್ರದ ಬದಲು ಹಿಮದ ಮೇಲೆ ಜಾರುವ ಎರಡು ಹಲಗೆ, ಹಿಂದೆ ಟ್ಯಾಂಕಿನಂತೆ ಉರುಳುವ ರಬ್ಬರ್ ಪಟ್ಟಿ. ನಮ್ಮ ಗುಲ್ಮಾರ್ಗಿಗೆ ಹೋದ ಪ್ರವಾಸಿಗರು ಇದರ ಮೇಲೆ ಒಂದು ಸುತ್ತು ಹಾಕಿರಬಹುದು. ಕೆನಡಾದ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯೇ 1959ರಲ್ಲಿ ತನ್ನ ‘ಸ್ಕಿ-ಡೂ’ವನ್ನು ಮಾರುಕಟ್ಟೆಗೆ ತಂದ ಮೇಲೆ ಇದು ಸಾಮಾನ್ಯರ ಮೋಜಾಯಿತು. ಆರ್‌ಎಕ್ಸ್ 100 ಮಾಡಿದ ಯಮಹಾ ಕಂಪೆನಿಯೇ 1968ರಿಂದ ಸ್ನೋಮೊಬೈಲುಗಳನ್ನೂ ಮಾಡುತ್ತಿತ್ತು.

ಅಲ್ಲೂ ಕತೆ ಅದೇ: ಟೂ-ಸ್ಟ್ರೋಕ್ ಎಂಜಿನ್ನು, ನೀಲಿ ಹೊಗೆ, ಕಿವಿಗಡಚಿಕ್ಕುವ ಸದ್ದು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ದ್ವಾರದಲ್ಲಿ ಕೆಲಸ ಮಾಡುವ ರೇಂಜರುಗಳು ಮುಖಕ್ಕೆ ಗ್ಯಾಸ್ ಮಾಸ್ಕ್ ಹಾಕಿಕೊಳ್ಳಬೇಕಾಯಿತು. ಕೊನೆಗೆ ಕಡಿಮೆ ಹೊಗೆ, ಕಡಿಮೆ ಸದ್ದಿನ ಯಂತ್ರಗಳಿಗೆ ಮಾತ್ರ ಅಲ್ಲಿ ಪ್ರವೇಶವೆಂದಾಯಿತು. ಯಂತ್ರ ಶುದ್ಧವಾಯಿತು, ಬೆಲೆ ಏರಿತು. ಹೊಸದೊಂದಕ್ಕೆ ಹದಿನೈದು ಸಾವಿರ ಡಾಲರ್ ದಾಟುವುದು ಈಗ ಸಾಮಾನ್ಯ. ಅದನ್ನು ಸಾಗಿಸಲು ಟ್ರೇಲರು, ಎಳೆಯಲು ದೊಡ್ಡ ವಾಹನ ಬೇರೆ. ಇಷ್ಟೆಲ್ಲ ಮಾಡಿ ಸವಾರಿ ಮಾಡುವುದು ವರ್ಷಕ್ಕೆ ಕೆಲವೇ ವಾರ. ಬೆಚ್ಚಗಾಗುತ್ತಿರುವ ಚಳಿಗಾಲದಲ್ಲಿ ಅದಕ್ಕೂ ಖಾತ್ರಿಯಿಲ್ಲ. 2023ರ ಜೂನ್‌ನಲ್ಲಿ ಯಮಹಾ ತಾನು ಸ್ನೋಮೊಬೈಲ್ ವ್ಯವಹಾರದಿಂದಲೇ ಹಂತಹಂತವಾಗಿ ಹಿಂದೆ ಸರಿಯುವುದಾಗಿ ಪ್ರಕಟಿಸಿತು.

ಬೈಕಿಗೆ ಆ ಗತಿ ಬಾರದು. ಭಾರತದಲ್ಲಿ ಬೈಕು ಮೊದಲು ಅವಶ್ಯಕತೆ, ಆಮೇಲೆ ಹವ್ಯಾಸ. ಹಾಗಿರುವುದರಿಂದಲೇ ಇಲ್ಲಿನ ಅಪಾಯ ಬೇರೆ ಬಗೆಯದು. ಅಲ್ಲಿ ದುಡ್ಡಿಲ್ಲದವನು ಹವ್ಯಾಸವನ್ನು ಬಿಡುತ್ತಾನೆ. ಇಲ್ಲಿ ದುಡ್ಡು ಸಾಲದವನು ಬೈಕನ್ನು ಬಿಡುವುದಿಲ್ಲ. ಹೆಲ್ಮೆಟನ್ನು, ಟಯರನ್ನು, ಬ್ರೇಕ್ ಪ್ಯಾಡನ್ನು ಬಿಡುತ್ತಾನೆ.

ಕತ್ತರಿ ಬೀಳುವುದೆಲ್ಲಿಗೆ?

ಎರಡು ಲಕ್ಷ ಸಾಲವನ್ನು ಶೇ. 12ರ ಬಡ್ಡಿಗೆ ಮೂರು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 6,640 ರೂ. ಬಡ್ಡಿಯೇ 39 ಸಾವಿರ ದಾಟುತ್ತದೆ. ಜಾಹೀರಾತು ಹೇಳುವುದು ಕಂತನ್ನು ಮಾತ್ರ. ಕಂತು ಕಟ್ಟಿ ಜೇಬು ಬರಿದಾದ ಹುಡುಗನಿಗೆ ಹಿಂದಿನ ಟಯರು ಸವೆದಾಗ ತೊಂದರೆ ಶುರು. ದೊಡ್ಡ ಬೈಕಿನ ಟಯರೊಂದಕ್ಕೇ ಐದಾರು ಸಾವಿರ ದಾಟುವುದು ವಿಶೇಷವಲ್ಲ. ‘ಇನ್ನೊಂದು ಮಳೆಗಾಲ ಹೋಗಲಿ’ ಎಂದು ಮುಂದೂಡುತ್ತಾನೆ. ಟಯರಿನ ಗೆರೆಗಳಿರುವುದು ಚಂದಕ್ಕಲ್ಲ. ರಸ್ತೆಯ ನೀರನ್ನು ಬದಿಗೆ ಹಾಯಿಸಿ ರಬ್ಬರನ್ನು ಟಾರಿಗೆ ತಾಗಿಸುವುದಕ್ಕೆ. ಗೆರೆ ಸವೆದ ಟಯರು ನೀರಿನ ಪದರದ ಮೇಲೆ ತೇಲುತ್ತದೆ, ಆಗ ಎಬಿಎಸ್ ಕೂಡ ಕೈಚೆಲ್ಲುತ್ತದೆ.

ಕರಾವಳಿಯ ಗಾಳಿಯ ಉಪ್ಪು ಇದಕ್ಕೆ ಇನ್ನೊಂದು ಖರ್ಚನ್ನು ಸೇರಿಸುತ್ತದೆ. ತೇವದಲ್ಲಿ ಕರಗಿದ ಉಪ್ಪು ವಿದ್ಯುತ್ ವಾಹಕವಾಗಿ ಕಬ್ಬಿಣ ತುಕ್ಕು ಹಿಡಿಯುವುದನ್ನು ಚುರುಕುಗೊಳಿಸುತ್ತದೆ. ಘಟ್ಟದ ಮೇಲಿನ ಬೈಕಿಗಿಂತ ಮಂಗಳೂರಿನ ಬೈಕಿನ ಚೈನು ಬೇಗ ಕೆಂಪಾಗುವುದು ಹೀಗೆ. ಇದಕ್ಕೆ ಮದ್ದು ಅಗ್ಗ. ಮಳೆಯಲ್ಲಿ ಓಡಿಸಿ ಬಂದ ಮೇಲೆ ಸಿಹಿನೀರಿನಿಂದ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡುವುದು. ಹತ್ತು ನಿಮಿಷದ ಕೆಲಸ. ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ ಎಂಜಿನ್ನಿನ ಅನೇಕ ಕಾಯಿಲೆಗಳನ್ನು ಶೋರೂಮಿನ ಕಂಪ್ಯೂಟರಿಗೆ ಜೋಡಿಸದೆ ಪತ್ತೆಹಚ್ಚುವಂತಿಲ್ಲ ಎಂಬುದು ನಿಜ. ಆದರೆ ಚೈನು, ಬ್ರೇಕು, ಟಯರಿನ ಗಾಳಿ, ಬ್ಯಾಟರಿಯ ತುದಿ ಇವೆಲ್ಲ ಇನ್ನೂ ಮನೆಯಂಗಳದ ವಿದ್ಯೆಗಳೇ. ಅದಕ್ಕೂ ಆಳಕ್ಕಿಳಿಯಬೇಕೆನ್ನುವ ವಿದ್ಯಾರ್ಥಿಗೆ ಬಿಜೈಯಿಂದ ಕೂಗಳತೆಯಲ್ಲೇ ಕದ್ರಿ ಗುಡ್ಡೆಯ ಮೇಲೆ 1946ರಲ್ಲಿ ಆರಂಭವಾದ ಕರ್ನಾಟಕ ಪಾಲಿಟೆಕ್ನಿಕ್ ಇದೆ. ಅಲ್ಲಿ ಆಟೊಮೊಬೈಲ್ ಡಿಪ್ಲೊಮಾವನ್ನೇ ಕಲಿಸುತ್ತಾರೆ.

ಹೆಲ್ಮೆಟಿನ ವಿಷಯದಲ್ಲಂತೂ ಬೆಲೆಯ ನೆಪ ನಡೆಯದು. ಐಎಸ್‌ಐ ಗುರುತಿನ ಹೆಲ್ಮೆಟು ಸಾವಿರ-ಸಾವಿರದ ಐನೂರಕ್ಕೇ ಸಿಗುತ್ತದೆ. 2021ರ ಜೂನ್ 1ರಿಂದ ಆ ಗುರುತಿಲ್ಲದ್ದನ್ನು ಮಾರುವಂತೆಯೇ ಇಲ್ಲ. ರಸ್ತೆಬದಿಯಲ್ಲಿ ಮುನ್ನೂರಕ್ಕೆ ಸಿಗುವ ಟೊಪ್ಪಿ ಪೊಲೀಸರ ಕಣ್ಣಿಗೆ ಮಾತ್ರ ಹೆಲ್ಮೆಟು, ರಸ್ತೆಗಲ್ಲ. ಮೂರು ಲಕ್ಷದ ಬೈಕಿನ ಮೇಲೆ ಅದನ್ನು ಧರಿಸಿ ಕೂತವರು ಮಂಗಳೂರಿನಲ್ಲಿ ಕಡಿಮೆಯೇನಿಲ್ಲ!

ತಂದೆತಾಯಿಗಳು ನೆನಪಿಡಬೇಕಾದ ಇನ್ನೊಂದು ಖರ್ಚು ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ. ಗೇರಿರುವ ಬೈಕಿಗೆ ಲೈಸೆನ್ಸು ಸಿಗುವುದು 18 ತುಂಬಿದ ಮೇಲೆಯೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 199-ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂ. ದಂಡ, ಮೂರು ವರ್ಷದ ತನಕ ಜೈಲು. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದು ವರ್ಷ ಆಗುವ ತನಕ ಲೈಸೆನ್ಸೂ ಇಲ್ಲ. ‘ಒಂದು ವರ್ಷ ಮುಂಚೆ ಕೊಟ್ಟರೆ ಏನಾಯಿತು’ ಎನ್ನುವ ಅಕ್ಕರೆ ಮಗನ ಏಳು ವರ್ಷಗಳ ಸವಾರಿಯನ್ನೇ ಕಸಿಯಬಹುದು.

ಸವಾರಿಯನ್ನೇ ಬದುಕಾಗಿಸಿಕೊಂಡವರೂ ನಾಡಿನಲ್ಲಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರಲ್ಲಿ ಅದನ್ನು ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿ ಗೆದ್ದರು. ಹುಡುಗರು ಇವರ ಹೆಸರು ಹೇಳಿ ಮನೆಯಲ್ಲಿ ವಾದಿಸುವುದುಂಟು. ಆದರೆ ಆ ಮಟ್ಟದ ಸ್ಪರ್ಧೆಯ ಖರ್ಚನ್ನು ಹೊರುವುದು ಕಂಪೆನಿಗಳ ತಂಡಗಳು ಮತ್ತು ಪ್ರಾಯೋಜಕರು, ಅಪ್ಪನ ಸಂಬಳವಲ್ಲ.

ಹಳೆಯದನ್ನೇ ಕೊಂಡರೆ ಅಗ್ಗವಲ್ಲವೇ ಎಂದು ಕೇಳಬಹುದು. ಆ ಬಾಗಿಲೂ ಈಗ ಮೊದಲಿನಂತೆ ತೆರೆದಿಲ್ಲ. ಚೆನ್ನಾಗಿ ಸಿದ್ಧಪಡಿಸಿದ ಆರ್‌ಎಕ್ಸ್ 100ಕ್ಕೆ ಲಕ್ಷ ರೂಪಾಯಿಗೂ ಮಿಕ್ಕಿ ಕೇಳುತ್ತಾರೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ಎಂಜಿನ್ನುಗಳ ರಬ್ಬರ್ ಕೊಳವೆ, ವಾಷರುಗಳನ್ನು ಕೆಡಿಸಬಲ್ಲದು. ಎಥೆನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರವಾದ್ದರಿಂದ ಮೈಲೇಜೂ ಸ್ವಲ್ಪ ಕುಸಿಯುತ್ತದೆ. ಹದಿನೈದು ವರ್ಷ ತುಂಬಿದ ಬೈಕಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 300ರಿಂದ 1,000 ರೂ.ಗೆ ಏರಿತು, ಇಪ್ಪತ್ತು ವರ್ಷ ಮೀರಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 2,000 ರೂ. ಆಯಿತು.

ಐವತ್ತು ವರ್ಷ ತುಂಬಿ, ಮೂಲ ರೂಪದಲ್ಲೇ ಉಳಿದ ಬೈಕಿಗೆ ಮಾತ್ರ ಬೇರೆ ಮರ್ಯಾದೆಯುಂಟು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ ಅದನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷಗಳ ಬಳಿಕ ನವೀಕರಣಕ್ಕೆ 5,000 ರೂ. ಮೈಸೂರಿನ ಮೊದಲ ಜಾವಾಗಳು ಈಗಾಗಲೇ ಆ ವಯಸ್ಸು ದಾಟಿವೆ. ಮೊದಲ ರೋಡ್‌ಕಿಂಗ್‌ಗಳ ಸರದಿ 2028ರಲ್ಲಿ, ಆರ್‌ಎಕ್ಸ್ 100ರದ್ದು 2035ರಲ್ಲಿ. ಆದರೆ ಹಾಗೆ ನೋಂದಾಯಿಸಿದ ಬೈಕಿನಲ್ಲಿ ಪ್ರತಿ ಭಾನುವಾರ ಚಾರ್ಮಾಡಿ ಹತ್ತುವಂತಿಲ್ಲ. ಅದನ್ನು ರಸ್ತೆಗಿಳಿಸಲು ಅವಕಾಶವಿರುವುದು ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ಪೆಟ್ರೋಲು ಹಾಕಿಸುವುದಕ್ಕೆ ಮತ್ತು ರಿಪೇರಿಗೆ ಮಾತ್ರ.